ಕಥೆಗಳ ಅಪ್ಪಂದಿರನ್ನು ಓದಿಸಿದ ಮೇಡಂ

ನಾನು ವಡೋದರದ ಫತೇಗಂಜಿನ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ, ಹತ್ತೊಂಬತ್ತನೆಯ ಶತಮಾನದ ಸಣ್ಣಕಥೆಗಳನ್ನು ಕಲಿಸುತ್ತಿದ್ದ ಮೇಡಂ ಧಾರವಾಡದವರು. ಆ ಕಥೆಗಳ ಹಟಮಾರಿ ಅಪ್ಪಂದಿರನ್ನು ನಾವು ಬೈಯತೊಡಗಿದರೆ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ, ಅದನ್ನೇ ನನಗಾಗಿ ಕನ್ನಡದಲ್ಲೂ ಹೇಳುತ್ತಿದ್ದರು: "ಬೈಯೋದು ಆಮ್ಯಾಲೆ, ಮೊದಲ ಅವರನ್ನ ಪೂರ್ತಿ ಓದ್ರಿ." ತರಗತಿಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ.

ತಾವು ಗುಜರಾತಿಯೊಬ್ಬರನ್ನು ಮದುವೆಯಾದ ಮೇಲೆ ತಮ್ಮ ಅಪ್ಪ ಹನ್ನೊಂದು ವರ್ಷದಿಂದ ಮಾತಾಡಿಲ್ಲವೆಂದು ಚಹಾ ಕುಡಿಯುವಾಗ ಒಮ್ಮೆ ಹೇಳಿದ್ದರು.

ಒಂದು ಮಧ್ಯಾಹ್ನ, ಮಗಳನ್ನು ಮನೆಯಿಂದ ಹೊರಹಾಕಿದ ಅಪ್ಪನ ಕಥೆ ಓದುತ್ತಿದ್ದಾಗ, ಧೋತರ ಉಟ್ಟ ಮುದುಕರೊಬ್ಬರು ಬಾಗಿಲಲ್ಲಿ ನಿಂತರು. ಮೇಡಂ ಅವರ ಓದು ಅರ್ಧಕ್ಕೇ ನಿಂತಿತು.

"ಪಾಠ ನಡೀಲಿ. ನಾ ಕೂಡ್ತೀನಿ" ಎಂದು ಮುದುಕರು ಬಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಮೇಡಂ ಮತ್ತೆ ಓದತೊಡಗಿದರು.

ನನ್ನ ನೋಟ್‌ಬುಕ್ಕಿನಲ್ಲಿದ್ದ ಕನ್ನಡ ಅಕ್ಷರ ಕಂಡು ಅವರು ಪಿಸುಗುಟ್ಟಿದರು: "ಏನ್ ಕಥಿ ಇದು, ತಂಗಿ?"

ಹೇಳಿದೆ. ಮೇಡಂ ಕಡೆಗೇ ನೋಡುತ್ತ, "ಕಡೀಕ ಮಗಳನ್ನ ಒಳಗ ಕರ್ಕೊಂಡ್ನೇನು?" ಎಂದರು.

ಕಥೆಯಲ್ಲಿ ಅಪ್ಪ ಬಾಗಿಲು ತೆರೆಯದೆಯೇ ಸಾಯುತ್ತಾನೆ. ಅದು ನನಗೆ ಗೊತ್ತಿತ್ತು. "ಇನ್ನೂ ಅಲ್ಲಿಗೆ ಬಂದಿಲ್ಲ, ಅಜ್ಜಾ" ಎಂದೆ.

ಒಂದು ಪುಟ ಉಳಿದಿರುವಾಗಲೇ ಮೇಡಂ ಪುಸ್ತಕ ಮುಚ್ಚಿ ಎಲ್ಲರಿಗೂ ಹೋಗಲು ಹೇಳಿದರು. ನಮ್ಮ ಬೆಂಚಿನ ಹತ್ತಿರ ಬಂದು, "ಊಟ ಆಗೇದೇನಪ್ಪಾ?" ಎಂದರು.

"ಇಲ್ಲವ್ವಾ" ಎಂದರು ಮುದುಕರು. "ನಿನ್ನ ಮನ್ಯಾಗ ಉಣ್ಣಬೇಕಂತನ ಬಂದೀನಿ."