ಬಚ್ಚಲಿಗೆ ಚಿಲಕ ಹಾಕಿದ ಮೆಹರಕ್ಕ

ಮೆಹರಕ್ಕ ಸ್ನಾನಕ್ಕೆ ಹೊರಟರೆ ಒಂದು ಕೈಯಲ್ಲಿ ಬಕೆಟ್ಟು, ಸೊಂಟದ ಮೇಲೆ ಕೂಸಿನ ಹಾಗೆ ರುಬ್ಬುವ ಗುಂಡು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಯಶವಂತಪುರದ ಆ ವಠಾರಕ್ಕೆ ಬಂದ ಮರುದಿನವೇ ಈ ಮೆರವಣಿಗೆ ಕಂಡು ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ವಠಾರಕ್ಕೆಲ್ಲ ಇದ್ದದ್ದು ಒಂದೇ ಬಚ್ಚಲುಮನೆ, ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಮೆಹರಕ್ಕ ಒಳಗಿನಿಂದ ಬಾಗಿಲಿಗೆ ಗುಂಡು ಒತ್ತಿಟ್ಟು ನೀರು ಹುಯ್ದುಕೊಳ್ಳುತ್ತಿದ್ದರು. ಅದನ್ನು ಹೊರುವ ತಾಕತ್ತಿಲ್ಲದ ನಾವು ಬಾಗಿಲ ಮೇಲೆ ಟವೆಲ್ಲು ಇಳಿಬಿಟ್ಟು, ಸುಮ್ಮಸುಮ್ಮನೆ ಕೆಮ್ಮುತ್ತಾ ಸ್ನಾನದ ಶಾಸ್ತ್ರ ಮುಗಿಸುತ್ತಿದ್ದೆವು. ಆ ದಿನಗಳಲ್ಲಿ ನಾನು ನೆಮ್ಮದಿಯಾಗಿ ಬೆನ್ನಿಗೆ ಸೋಪು ಹಚ್ಚಿಕೊಂಡದ್ದೇ ಇಲ್ಲ.

ಚಿಲಕ ಹಾಕಿಸಿ ಎಂದರೆ ಓನರ್ ಗೌಡರದು ಒಂದೇ ಉತ್ತರ. "ಚಿಲ್ಕ ಆಕ್ಸುದ್ರೆ ಒಳಗೇ ಸಂಸಾರ ಊಡ್ಬಿಡ್ತೀರಾ ಕಣಮ್ಮಾ. ತೊಟ್ಟಿ ನೀರೆಲ್ಲಾ ಖಾಲಿ. ಇಂಗಿದ್ರೇನೇ ಬೇಗ ಬರ್ತೀರಾ." ಎಂಥ ತಲೆ ನೋಡಿ! ನಮ್ಮ ಮಾನ ಅವರ ನೀರಿಗಿಂತ ಅಗ್ಗವಾಗಿತ್ತು.

ಮೆಹರಕ್ಕನ ಗಂಡ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದರು. ಆತ ಬಾಯಿ ಬಿಟ್ಟಿದ್ದನ್ನು ಯಾರೂ ಕಂಡಿಲ್ಲ, ಇಬ್ಬರ ಪಾಲಿನ ಮಾತೂ ಈಕೆಯದೇ. ನಲ್ಲಿ ತೊಟ್ಟಿಕ್ಕಿದರೆ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ತಾವೇ ವಾಷರ್ ಹಾಕುತ್ತಿದ್ದರು. "ಓನರ್ ಬರ್ಲಿ ಅಂತ ಕೂತ್ರೆ ನಲ್ಲಿಗೂ ವಯಸ್ಸಾಗತ್ತೆ," ಎನ್ನುತ್ತಿದ್ದರು. ನಾವೆಲ್ಲ ಸೋಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದು ವಾಪಸ್ ತಂದರೆ, ಅವರದು ಮಾತ್ರ ಬಚ್ಚಲ ಗೂಡಿನಲ್ಲೇ ಕೂತಿರುತ್ತಿತ್ತು. ಕದಿಯುತ್ತಾರೆ ಅಕ್ಕ ಎಂದರೆ, "ಕದೀಲಿ ಬಿಡಮ್ಮಾ, ಕೊಳೆನಾದ್ರೂ ಹೋಗತ್ತೆ!"

ಒಂದು ಬೆಳಿಗ್ಗೆ ನಾನು ಸ್ನಾನ ಮಾಡುತ್ತಿದ್ದಾಗ ಗೌಡರ ಭಾಮೈದ ಬಾಗಿಲು ದೂಡಿದ. ದೂಡಿದವನು ಹಿಂದೆ ಸರಿಯಲೂ ಇಲ್ಲ, ನಿಂತು ನೋಡಿದ. ಚೊಂಬು ಬೀಸಿ ಎಸೆದೆ. ಆಮೇಲೆ ಮನೆಗೆ ಓಡಿಬಂದು ಅತ್ತೆಯ ಮುಂದೆ ಕಣ್ಣೀರು ಹಾಕಿದೆ. "ಸುಮ್ನಿರೇ, ಹೊರಗೆ ಗೊತ್ತಾದ್ರೆ ನಿನ್ ಮರ್ಯಾದೆನೇ ಹೋಗೋದು," ಎಂದರು ಅತ್ತೆ. ಪಕ್ಕದ ಮನೆಯ ಮೆಹರಕ್ಕ ಒಳಗೇ ನುಗ್ಗಿದರು. "ಅವಳ್ದ್ಯಾಕ್ರೀ ಹೋಗತ್ತೆ? ನೋಡಿದೋನ್ದು ಹೋಗ್ಬೇಕು!"

ಅಂದೇ ಅಂಗಡಿಗೆ ಹೋಗಿ ಕಬ್ಬಿಣದ ಚಿಲಕ ತಂದರು. ವಠಾರವೆಲ್ಲ ನೋಡುತ್ತಿರುವಾಗ, ಹಾಡಹಗಲೇ ಬಾಗಿಲಿಗೆ ಸ್ಕ್ರೂ ತಿರುಗಿಸುತ್ತಾ ಕೂತರು. ಗೌಡರು ಪಂಚೆ ಎತ್ತಿಕಟ್ಟಿಕೊಂಡು ಬಂದರು.

"ನನ್ ಬಾಗ್ಲಿಗೆ ತೂತು ಮಾಡಕ್ಕೆ ನೀನ್ಯಾರಮ್ಮಾ? ಕಿತ್ತಾಕು, ಇಲ್ಲಾ ಮನೆ ಖಾಲಿ ಮಾಡು."

"ಖಾಲಿ ಮಾಡ್ತೀನಿ ಗೌಡ್ರೇ. ಚಿಲ್ಕ ಮಾತ್ರ ಕೀಳಲ್ಲ."

ಗೌಡರು ಹೋದ ಮೇಲೆ, ಹೆದರಿಕೆ ಆಗಲಿಲ್ಲವಾ ಅಕ್ಕ ಎಂದು ಕೇಳಿದೆ. "ಆಗತ್ತೆ ಕಣಮ್ಮಾ, ಅದಕ್ಕೇ ಜೋರಾಗಿ ಮಾತಾಡೋದು," ಎಂದರು. ಮತ್ತೆ ಸ್ಕ್ರೂ ತಿರುಗಿಸತೊಡಗಿದರು.

ತಿಂಗಳ ಕೊನೆಗೆ ಅವರಿಗೆ ಆರ್.ಟಿ. ನಗರದ ಕಡೆ ಒಂದು ಮನೆ ಸಿಕ್ಕಿತು. ಅವರಿರುವಷ್ಟು ದಿನ ಚಿಲಕದ ತಂಟೆಗೆ ಬಾರದ ಗೌಡರು, ಸಾಮಾನೆಲ್ಲ ಗಾಡಿಗೆ ಏರುತ್ತಿದ್ದಾಗ ಅದನ್ನು ಕೀಳಲು ಸಲಾಕೆ ಹಿಡಿದು ಬಂದರು. ನನಗೆ ಎಲ್ಲಿತ್ತೋ ಸಿಟ್ಟು! ಬಕೆಟ್ಟು ಎತ್ತಿಕೊಂಡು ಅವರಿಗಿಂತ ಮೊದಲೇ ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡೆ.

"ಈಚೆ ಬಾರಮ್ಮಾ!" ಬಾಗಿಲು ಬಡಿದರು.

"ಸ್ನಾನ ಮಾಡ್ತಿದೀನಿ!"

ಮಟಮಟ ಮಧ್ಯಾಹ್ನ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಚೊಂಬು ಚೊಂಬು ನೀರು ಸುರಿದುಕೊಂಡೆ. ಹೊರಗೆ ಅತ್ತೆಯ ದನಿ ಕೇಳಿಸಿತು. "ಅವಳಾದ್ಮೇಲೆ ನಾನ್ ಹೋಗ್ತೀನಿ ಗೌಡ್ರೇ. ಆಮೇಲೆ ಇವರೆಲ್ಲಾ ಇದಾರೆ." ನನ್ನ ಅತ್ತೆ! ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಸಲಾಕೆ ನೆಲಕ್ಕೆ ಬಿದ್ದ ಸದ್ದಾಯಿತು, ಗೌಡರು ಅಲ್ಲಿಂದ ಹೋದ ಸದ್ದು ಮಾತ್ರ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಮೆಲ್ಲಗೆ ಬೆರಳು ತಟ್ಟಿತು. "ಸರೋಜಾ, ಗಾಡಿ ಹೊರಡ್ತಿದೆ. ಬರ್ತೀನಿ ಕಣಮ್ಮಾ."

ಆಮೇಲೆ ಅವರನ್ನು ನೋಡುವ ಯೋಗ ನನಗೆ ಬರಲಿಲ್ಲ. ಆದರೆ ಅದು ಆಗ ಗೊತ್ತಿರಲಿಲ್ಲ. ಒಮ್ಮೆ ಮುಖ ನೋಡಬೇಕೆನ್ನಿಸಿ ಚಿಲಕಕ್ಕೆ ಕೈ ಹಾಕಿದೆ. ಸದ್ದು ಕೇಳಿತೇನೋ, ಮೆಹರಕ್ಕ ಹೊರಗಿನಿಂದಲೇ ಗದರಿದರು.

"ತೆಗೀಬೇಡ!"

ನಾನು ತೆಗೆಯಲಿಲ್ಲ.