ಕಜ್ಜಾಯದ ಪಾಕ, ಕರಗಿದ ಕಲ್ಲು

ಈ ಬೆಳಿಗ್ಗೆ ಶ್ರೀನಿವಾಸಪುರದಲ್ಲಿ ಅಕ್ಕನ ಮನೆಯ ಹಿತ್ತಿಲಿಗೆ ಕಾಲಿಟ್ಟೊಡನೆ ಬೆಲ್ಲದ ಪಾಕದ ವಾಸನೆ ಬಂತು. ಸಂಜೆ ಮಗಳು ಪಾವನಿ ಬರುತ್ತಾಳೆಂದು ಅಕ್ಕ ಕಜ್ಜಾಯಕ್ಕೆ ಹಿತ್ತಿಲ ಒಲೆ ಹಚ್ಚಿದ್ದಳು. ಆ ವಾಸನೆ ನಿಮಗೆ ಹಬ್ಬವನ್ನು ನೆನಪಿಸಬಹುದು. ನನಗೆ ಜ್ವಾಲಾಮುಖಿ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಹೀಗೇ ಪಾಕ ಕುದಿಯುತ್ತಿದ್ದಾಗ, ಇದೇ ಒಲೆಯ ಮುಂದೆ ಪಾವನಿ ಅಮ್ಮನ ಒಪ್ಪಿಗೆಗಾಗಿ ಕಾದು ಕೂತಿದ್ದಳು. ಭೂವಿಜ್ಞಾನ ಓದುತ್ತಿದ್ದ ಅವಳಿಗೆ, ಹೊರದೇಶದಲ್ಲಿ ಹರಿಯುವ ಲಾವಾದ ಮಾದರಿ ತೆಗೆಯುವ ತಂಡದಲ್ಲಿ ಜಾಗ ಸಿಕ್ಕಿತ್ತು. ಅಕ್ಕ ಖಡಾಖಂಡಿತವಾಗಿ ಬೇಡ ಅಂದಿದ್ದಳು. ರಾಜಿ ಮಾಡಿಸಲು ಕೋಲಾರದಿಂದ ನನ್ನನ್ನು ಕರೆಸಿದ್ದರು. ಪತ್ರಿಕೆಗೆ ಎಷ್ಟೋ ಬೆಂಕಿ ಅನಾಹುತಗಳನ್ನು ವರದಿ ಮಾಡಿದ ನಾನು, ಒಲೆಯ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಕೂತೆ.

"ಕೈ ಹಾಕಿ ತೆಗೀತೀಯೇನೇ ಅದನ್ನ?" ಅಕ್ಕ ಕೇಳಿದಳು.

"ಇಲ್ಲಮ್ಮ, ಉದ್ದನೇ ಕಬ್ಬಿಣದ ಸಲಾಕೆ ಇರುತ್ತೆ. ಕೈಗೆ ದಪ್ಪ ಗವಸು, ಮುಖಕ್ಕೆ ಮರೆ. ಗಾಳಿಗೆ ಬೆನ್ನು ಕೊಟ್ಟು ನಿಂತ್ಕೊಂಡು ಅದ್ದಿ, ತಿರುಚಿ, ಎಳ್ಕೊಂಡುಬಿಡೋದು."

ಹೇಳುತ್ತಲೇ ಸೌಟಿನಲ್ಲಿ ಪಾಕ ತೆಗೆದು ತಟ್ಟೆಗೆ ಬಿಟ್ಟಳು. ಅಕ್ಕ ಸಿಡುಕಿದಳು.

"ತಟ್ಟೇಗ್ಯಾಕೆ ಹಾಕ್ತೀಯೇ? ಅಲ್ಲಿ ಆರ್ತಾ ಆರ್ತಾ ಬೇರೇನೇ ಆಗುತ್ತೆ. ಈಗಿನ ಹದ ಈಗ್ಲೇ ಗೊತ್ತಾಗಬೇಕಂದ್ರೆ ನೀರಿಗೆ ಬಿಡು."

ಪಾವನಿ ನಕ್ಕಳು. "ನಾವೂ ಅದಕ್ಕೇ ಬಕೆಟ್‌ನಲ್ಲಿ ನೀರಿಟ್ಕೊಳ್ಳೋದು ಕಣಮ್ಮ. ನಿಧಾನಕ್ಕೆ ಆರಿದ್ರೆ ಒಳಗೆ ಹರಳು ಕಟ್ಟುತ್ತೆ. ತಕ್ಷಣ ಮುಳುಗಿಸಿದ್ರೆ ಗಾಜಾಗುತ್ತೆ, ಹರೀತಿದ್ದಾಗ ಏನೇನಿತ್ತು ಅಂತ ಅದ್ರಿಂದ ತಿಳಿಯುತ್ತೆ."

ಅಕ್ಕ ಬಟ್ಟಲಿನ ನೀರಿಗೆ ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಹದ ನೋಡಿದಳು. ಆಮೇಲೆ ಗೋಡೆಗೆ ಒರಗಿಸಿದ್ದ, ಮಾವು ಕೀಳುವ ದೋಟಿ ತೋರಿಸಿದಳು. "ಸಲಾಕೆ ಅಷ್ಟುದ್ದ ಇರುತ್ತಾ?"

ಹೌದು ಅಂದುಬಿಡು ಎಂದು ನಾನು ಕಣ್ಸನ್ನೆ ಮಾಡಿದೆ. ಪಾವನಿ ನೋಡಲೇ ಇಲ್ಲ. "ಇಲ್ಲಮ್ಮ. ಅಷ್ಟುದ್ದ ಆದ್ರೆ ಬಾಗುತ್ತೆ, ತಿರುಚೋಕಾಗಲ್ಲ. ಹತ್ರಾನೇ ಹೋಗಬೇಕು."

ಅಕ್ಕ ಮಗಳ ಮುಖವನ್ನೇ ನೋಡಿದಳು. "ಕೂದಲು ಬಿಗಿಯಾಗಿ ಗಂಟು ಹಾಕ್ಕೊಂಡು ಹೋಗು" ಅಂದಳು. ಒಪ್ಪಿಗೆ ಅಷ್ಟೇ.

ಪಾವನಿ ಮರಳಿ ಬಂದಾಗ ಕಪ್ಪು ಗಾಜಿನ ಚೂರೊಂದನ್ನು ತಂದಳು. ಅಕ್ಕ ಅದನ್ನು ಉಗುರಿನಿಂದ ತಟ್ಟಿ ನೋಡಿ, "ಪಾಕ ಏರಿಹೋಗಿದೆ ಕಣೇ" ಅಂದಳು. ಅದೀಗ ಒಲೆಯ ಮೇಲಿನ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ.

ಇವತ್ತೂ ನಾನು ಹೋಗಿ ಹೊಗೆಯಲ್ಲೇ ನಿಂತೆ.

"ಅಲ್ಲ್ಯಾಕೋ ನಿಂತೆ? ಗಾಳಿಗೆ ಬೆನ್ನು ಕೊಟ್ಟು ನಿಂತ್ಕೋ" ಅಂದಳು ಅಕ್ಕ. ಅವಳು ಆಗಲೇ ಹಾಗೆ ನಿಂತಿದ್ದಳು. ಕೈಯಲ್ಲಿದ್ದ ಸೌಟೂ ಹೊಸದು, ಹಿಡಿ ಉದ್ದನೆಯದು. ನಾನು ಸುತ್ತಿ ಬಂದು ಅವಳ ಪಕ್ಕದಲ್ಲಿ ನಿಂತೆ. ಕಣ್ಣುರಿ ನಿಂತಿತು.