ಎರಡನೇ ಅಂಕದ ಜಿಗಿತ

ನಾನು ನಾಟಕ ಕಂಪನಿಗೆ ತಾಯಿಯ ಪಾತ್ರಕ್ಕೆ ಬದಲಿಯಾಗಿ ಹೋದವಳು. ಆ ಪಾತ್ರ ಮಾಡುತ್ತಿದ್ದ ಕಲಾವಿದೆ ಹೆರಿಗೆಗೆಂದು ತವರಿಗೆ ಹೋಗಿದ್ದರು. ನನಗೆ ಇಪ್ಪತ್ಮೂರು ವರ್ಷ. ವಿದ್ಯಾಗಿರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದದ್ದು ಬಿಟ್ಟರೆ ಬೇರೆ ಅರ್ಹತೆ ಇರಲಿಲ್ಲ. ನಾಟಕ ಮಾತ್ರ ಮೂರು ವರ್ಷದಿಂದ ಊರೂರಲ್ಲಿ ಕ್ಯಾಂಪು ಹಾಕಿಕೊಂಡು ನಡೆದೇ ಇತ್ತು. ಜನ ಬರುತ್ತಿದ್ದುದು ಇಬ್ಬರು ಅಕ್ಕತಂಗಿಯರ ಹಾಡು ಕೇಳಲು. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಏಳು. ತಬಲಾ ನುಡಿಸುವವರು ಅವರ ಅಪ್ಪ.

ಎರಡನೇ ಅಂಕದ ಕೊನೆಯಲ್ಲಿ ಖಳನಾಯಕ ದೊಡ್ಡವಳನ್ನು ರಂಗದ ಹಿಂಭಾಗದ ಅಟ್ಟದ ಮೇಲೆ ಕೂಡಿಹಾಕಿರುತ್ತಾನೆ. ಕೆಳಗೆ ನಾನು, ನನ್ನ ಸೆರಗು ಹಿಡಿದು ಚಿಕ್ಕವಳು. ಮೂವರೂ ಹಾಡುತ್ತೇವೆ. ಕೊನೆಯ ಸಾಲು ಉಳಿದಿರುವಾಗ ಖಳನಾಯಕ ಅಡ್ಡ ಬಂದು, "ನೀ ತಾಯಿ ಅನ್ನಾಕ ಏನ್ ಪುರಾವೆ?" ಎನ್ನುತ್ತಾನೆ. ನಾನು ಅತ್ತು, ಅವನನ್ನು ತಳ್ಳಿ, ಅಟ್ಟದ ಬುಡಕ್ಕೆ ಓಡಿ, "ಬಾ ಮಗಳ, ನಾ ಇಲ್ಲೇ ಅದೀನಿ" ಎನ್ನಬೇಕು. ಎಂದ ತಕ್ಷಣ ಅವಳು ಆಳೆತ್ತರದಿಂದ ನನ್ನ ತೋಳಿಗೆ ಜಿಗಿದು, ಆ ಕೊನೆಯ ಸಾಲು ಹಾಡುತ್ತಾಳೆ.

ತಾಲೀಮಿನ ಮೊದಲ ದಿನ ನಾನೇ ಅಟ್ಟ ಹತ್ತಿ ನೋಡಿದೆ. ಎದುರಿನ ದೀಪಗಳು ಕಣ್ಣಿಗೆ ರಾಚಿ ಕೆಳಗೆ ಏನೂ ಕಾಣಲಿಲ್ಲ.

"ನಾ ಕೆಳಗ ಇದ್ದದ್ದು ನಿನಗ ಹೆಂಗ ಗೊತ್ತಾಗ್ತದ?" ದೊಡ್ಡವಳನ್ನು ಕೇಳಿದೆ.

"ನೀವ ಅಂತೀರಲ್ರಿ ಅಕ್ಕಾರ, ಅದೀನಿ ಅಂತ."

"ಸುಳ್ಳ ಹೇಳಿದ್ರ?"

"ನಾಟಕದಾಗ ಯಾರರೆ ಸುಳ್ಳ ಹೇಳ್ತಾರೇನ್ರಿ?" ಎಂದು ನಕ್ಕಳು. ಅಂದಿನಿಂದ ಪ್ರತಿ ಆಟಕ್ಕೆ ಮುಂಚೆ ಅಟ್ಟದ ಬುಡಕ್ಕೆ ಹೋಗಿ ನಿಲ್ಲುವ ಜಾಗ ನೋಡಿಕೊಳ್ಳುತ್ತಿದ್ದೆ.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಪುರಾವೆ ಕೇಳಿದವನಿಗೆ ಬರೀ ಅಳುವೇ ಉತ್ತರವೆಂದರೆ ನನಗೆ ಒಪ್ಪಿಗೆಯಾಗದು. ಇಳಕಲ್ಲಿನ ಕ್ಯಾಂಪಿನಲ್ಲಿ ಒಂದು ಮಾತು ಸ್ವಂತದ್ದು ಸೇರಿಸಿದೆ, ಸೀಟಿ ಬಿತ್ತು. ಖಳನಾಯಕನಿಗೂ ಹುರುಪು ಬಂದು ಅವನೂ ಸೇರಿಸಿದ. ದಿನದಿನಕ್ಕೆ ವಾದ ಬೆಳೆಯಿತು. ಚಿಕ್ಕವಳು ಸೆರಗು ಜಗ್ಗುತ್ತಿದ್ದಳು: "ಅಕ್ಕಾರ, ಇದು ಪುಸ್ತಕದಾಗ ಇಲ್ರಿ."

"ನೀ ಸುಮ್ನಿರ."

ಹುನಗುಂದದಲ್ಲಿ, ಮಧ್ಯಾಹ್ನದ ಆಟ. ನಾನು ರಂಗದ ಮುಂಭಾಗಕ್ಕೆ ಬಂದುಬಿಟ್ಟಿದ್ದೆ, ಅಟ್ಟಕ್ಕೆ ಬೆನ್ನು ಹಾಕಿ. "ಪುರಾವಿ ಬೇಕೇನು? ಬಾ ಮಗಳ, ನಾ ಇಲ್ಲೇ ಅದೀನಿ ಅಂದ್ರ ಸಾಕು, ಕಣ್ಣ ಮುಚ್ಚಿ..."

ವಾಕ್ಯ ಮುಗಿಯಲಿಲ್ಲ. ಹಿಂದೆ ಹಲಗೆಯ ಮೇಲೆ ದೊಪ್ಪೆಂದು ಸದ್ದಾಯಿತು.

ನನ್ನ ಮಾತು ನಂಬಿ ಜಿಗಿದಿದ್ದ ದೊಡ್ಡವಳು ತಾನೇ ಎದ್ದಳು. ಒಂದು ಮೊಳಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದು, ನಾಟಕದಲ್ಲಿ ಇದ್ದಂತೆಯೇ ನನಗೆ ಆತುಕೊಂಡು ಹಾಡಿನ ಕೊನೆಯ ಸಾಲು ಹಾಡಿದಳು. "ಒನ್ಸ್ ಮೋರ್!" ಎಂದು ಜನ ಕೂಗಿದರು.

ದವಾಖಾನೆಯಲ್ಲಿ, ಎಲುಬು ಮುರಿದಿಲ್ಲ, ಬಾವು ಇಳಿಯಲು ಒಂದು ವಾರ ಬೇಕು ಎಂದರು. ಅವಳ ಅಪ್ಪ ಔಷಧಿಯ ಚೀಟಿ ಹಿಡಿದು ನನ್ನ ಮುಂದೆಯೇ ಅಂಗಡಿಗೆ ಹೋದರು. ಬೈದಿದ್ದರೆ ಉತ್ತರವಾದರೂ ಕೊಡಬಹುದಿತ್ತು. ಚಿಕ್ಕವಳು ಬೆಂಚಿನ ಆ ತುದಿಗೆ ಸರಿದು ಕೂತಳು. "ಪುಸ್ತಕದಾಗ ಇಲ್ಲ ಅಂತ ನಾ ಹೇಳಿದ್ನಿಲ್ಲ?"

ಮರುದಿನ ಕಂಪನಿ ಮಾಲಕರ ಮುಂದೆ ನಿಂತೆ. ಜಿಗಿತವನ್ನು ತೆಗೆಯಬೇಕು ಎಂದು ನಾಲ್ಕು ಕಾರಣ ಕೊಟ್ಟೆ. ಅವರು ಎಲ್ಲ ಕೇಳಿ, "ಖರೆ ಐತಿ ಬಿಡವ್ವ, ತಗದಬಿಡೋಣು" ಎಂದರು. ಗೆದ್ದೆ. ಬಿದ್ದಾಗ ಅಳದ ಹುಡುಗಿ, ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, ಆಗ ಅಳತೊಡಗಿದಳು.

"ನಾ ಏನ್ ತಪ್ಪ ಮಾಡೀನ್ರಿ? ಯಾಕ ತಗೀತೀರಿ?"

"ತಪ್ಪ ನಂದು. ಅದಕ್ಕ ಬ್ಯಾಡಂತೀನಿ."

ಅವಳು ಮೂಗು ಒರೆಸಿಕೊಂಡು ಯೋಚಿಸಿದಳು. "ನಾ ಜಿಗೀತೀನಿ. ಆದ್ರ ನೀವು ಮಾತಾಡಬ್ಯಾಡ್ರಿ. ಅಟ್ಟದ ಕಂಬಕ್ಕ ಮೂರ ಸಲ ಬಡೀರಿ."

"ಯಾಕ?"

"ಮಾತು ಎಲ್ಲಿ ನಿಂತ್ರೂ ಬರ್ತಾವ್ರಿ ಅಕ್ಕಾರ. ಕಂಬ ಬಡೀಬೇಕಂದ್ರ ಬುಡಕ್ಕ ಬರಬೇಕಲ್ರಿ."

ಬುಡಕ್ಕೆ ಗಾದಿ ಬೇಕೇ ಬೇಕು ಎಂದು ಪಟ್ಟು ಹಿಡಿದೆ. ಮಾಲಕರು ಅಟ್ಟದ ಬುಡಕ್ಕೆ ದಪ್ಪ ಗಾದಿ ಹಾಸಿ, ಅದು ಕಾಣದಂತೆ ಮೇಲೆ ಹುಲ್ಲು ಹರವಲು ಒಪ್ಪಿದರು. ಆಮೇಲೆ ಹೂಂ ಎಂದೆ.

ಬಾವು ಇಳಿಯುವ ಹೊತ್ತಿಗೆ ಕ್ಯಾಂಪು ಕಮತಗಿಗೆ ಬಂದಿತ್ತು. ಮೊದಲ ಆಟದಲ್ಲಿ ಖಳನಾಯಕ ಪುರಾವೆ ಕೇಳಿದ. ನಾನು ಅತ್ತೆ, ಅವನನ್ನು ತಳ್ಳಿದೆ, ಓಡಿದೆ. ಕಂಬಕ್ಕೆ ಮೂರು ಸಲ ಬಡಿದು ಹುಲ್ಲಿನ ಪಕ್ಕದಲ್ಲಿ ತೋಳು ಚಾಚಿ ನಿಂತೆ.

ಅವಳು ಜಿಗಿಯಲಿಲ್ಲ.

ಕೆಳಗಿನಿಂದ ಅವಳ ಕಾಲ್ಬೆರಳು ಮಾತ್ರ ಕಾಣುತ್ತಿದ್ದವು, ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅವಳ ಅಪ್ಪ ತಬಲಾದ ಮೇಲೆ ಒಂದೇ ಪೆಟ್ಟನ್ನು ಮತ್ತೆ ಮತ್ತೆ ನುಡಿಸಿ ಹೊತ್ತು ಎಳೆದರು. ಪಕ್ಕದ ಪರದೆಯ ಹಿಂದೆ ಮಾಲಕರು ಅಂಕದ ಪರದೆಯ ಹಗ್ಗಕ್ಕೆ ಕೈಹಾಕಿದ್ದರು. 'ಬಾ' ಎನ್ನುವ ಒಂದಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ಅವಳ ಷರತ್ತು ಮುರಿದಂತೆ. ಮತ್ತೆ ಬಡಿಯಲೂ ಧೈರ್ಯವಾಗಲಿಲ್ಲ. ಬಡಿದರೆ ಅದು ಅವಸರ ಮಾಡಿದಂತೆ.

ಬೆರಳು ಸಡಿಲಾದವು.

ಅವಳ ಭಾರ ಎದೆಗೆ ಬಡಿದು ಎರಡು ಹೆಜ್ಜೆ ಹಿಂದಕ್ಕೆ ಸರಿದೆ, ಬೀಳಲಿಲ್ಲ. ಸೀಟಿಗಳ ನಡುವೆ ಅವಳು ಕಿವಿಯಲ್ಲಿ, "ಬಿಡ್ರಿ ಅಕ್ಕಾರ, ಹಾಡಬೇಕು" ಎಂದಳು.

"ಬಿಡ್ತೀನಿ" ಎಂದೆ. ಕೈ ಬಿಚ್ಚಿಕೊಳ್ಳಲಿಲ್ಲ. ನಾನು ಎತ್ತಿಕೊಂಡಂತೆಯೇ ಅವಳು ಕೊನೆಯ ಸಾಲು ಹಾಡಿದಳು.